ಎಸ್ಪ್ರೆಸ್ಸೊ ಯಂತ್ರದ ಬಾಯಿ ತೊಳೆಯೋ ಚರಿತ್ರೆ

ಭಾಗ 1/9: ಗ್ರೂಪ್ ಅಂದ್ರೆ ಏನು?

ಮದುವೆ ರಿಸೆಪ್ಷನ್‌ಗಳಲ್ಲಿ "ಎಸ್ಪ್ರೆಸ್ಸೊ ಕಾಫಿ" ಅಂತ ಬೋರ್ಡ್ ಹಾಕಿ ಒಂದು ಯಂತ್ರ ಇಟ್ಟಿರ್ತಾರೆ, ನೋಡಿರ್ತೀರಿ. ಉಸ್ ಅಂತ ಹಬೆ ಬಿಟ್ಟು, ಹಾಲಿಗೆ ನೊರೆ ಬರಿಸಿ, ಇನ್‌ಸ್ಟಂಟ್ ಪುಡಿ ಕಲಸಿ ಕೊಡ್ತಾರೆ. ಕುಡಿಯೋಕೆ ಚೆನ್ನಾಗೇ ಇರುತ್ತೆ. ಆದರೆ ಎಸ್ಪ್ರೆಸ್ಸೊ ಯಂತ್ರದ ಮುಖ್ಯ ಅಂಗವೇ ಅದರಲ್ಲಿ ಇರಲ್ಲ. ಆ ಅಂಗದ ಹೆಸರು ಬ್ರೂ ಗ್ರೂಪ್. ಇಟಾಲಿಯನ್ನರು "ಗ್ರುಪ್ಪೊ" ಅಂತಾರೆ.

ಮೊದಲ ಫೋಟೊ ನೋಡಿ. ಕೆಳಗಿನಿಂದ ಮೇಲಕ್ಕೆ: ಹಿಡಿ ಇರೋ ಪೋರ್ಟಾಫಿಲ್ಟರ್, ಅದರೊಳಗೆ ಪುಡಿ ತುಂಬೋ ಬುಟ್ಟಿ. ಅದು ಹೋಗಿ ಒತ್ತೋ ರಬ್ಬರ್ ಉಂಗುರ, ಅಂದರೆ ಗ್ಯಾಸ್ಕೆಟ್. ಅದರ ನಡುವೆ ಸಣ್ಣ ತೂತುಗಳ ಲೋಹದ ಜಾಲರಿ, ಇದನ್ನ ಶವರ್ ಸ್ಕ್ರೀನ್ ಅಂತಾರೆ. ಜಾಲರಿಯ ಹಿಂದೆ ನೀರು ಬರೋ ದಾರಿ ಮತ್ತು ವಾಲ್ವ್. ಇಷ್ಟೇ. ಬಿಸಿನೀರು ಪುಡಿಯನ್ನ ಸೇರೋ ಜಾಗ ಇದು. ಯಂತ್ರದ ಬಾಯಿ ಅಂತ ಇಟ್ಕೊಳ್ಳಿ.

ಈ ಬಾಯಿಯನ್ನ ಕಂಡುಹಿಡಿದವರ ಚರಿತ್ರೆ ತುಂಬ ಕಡೆ ಸಿಗುತ್ತೆ. ಯಾವ ವರ್ಷ, ಯಾವ ಪೇಟೆಂಟ್, ಯಾರ ಹೆಸರು, ಎಲ್ಲ ಇದೆ. ಆದರೆ ದಿನಾ ರಾತ್ರಿ ಅದನ್ನ ಯಾರೋ ತೊಳೆದಿರಬೇಕಲ್ವಾ? ಹೇಗೆ ತೊಳೀತಿದ್ರು? ತೊಳೆಯೋ ಕೆಲಸ ಹೇಗೆ ಬದಲಾಯ್ತು? ಅದರ ಬಗ್ಗೆ ಹೆಚ್ಚು ಯಾರೂ ಬರೆದಿಲ್ಲ. ಈ ಸರಣಿ ಅದಕ್ಕೆ. ನನ್ನ ವಾದ ಒಂದೇ: ಎಸ್ಪ್ರೆಸ್ಸೊ ರುಚಿಯಾದ ಹಾಗೆಲ್ಲ ಅದರ ಕೊಳೆ ಯಂತ್ರದೊಳಗೆ ಇನ್ನಷ್ಟು ಆಳಕ್ಕೆ ಹೋಯ್ತು. ಅದನ್ನ ಹೊರಗೆ ತರೋ ಕೆಲಸ ಯಾರ ಪಾಲಿಗೆ ಬಂತು ಅನ್ನೋದೇ ಈ ಚರಿತ್ರೆ.

ಭಾಗ 2/9: 1884, ಟುರಿನ್

ಶುರು ಇಟಲಿಯ ಟುರಿನ್ ಊರಲ್ಲಿ. ಆಂಜೆಲೊ ಮೊರಿಯೊಂಡೊ ಅನ್ನೋ ಹೋಟೆಲ್ ಮಾಲೀಕ 1884ರಲ್ಲಿ ಹಬೆಯಿಂದ ಬೇಗ ಕಾಫಿ ಮಾಡೋ ಯಂತ್ರಕ್ಕೆ ಪೇಟೆಂಟ್ ತಗೊಂಡ. ಅದೇ ವರ್ಷ ಟುರಿನ್‌ನ ದೊಡ್ಡ ವಸ್ತುಪ್ರದರ್ಶನದಲ್ಲಿ ಅದನ್ನ ಇಟ್ಟ, ಕಂಚಿನ ಪದಕವೂ ಬಂತು.

ಅವನ ತೊಂದರೆ ನಮಗೂ ಗೊತ್ತಿರೋದೇ: ಗಿರಾಕಿ ಕಾಯಬಾರದು. ಕಾದರೆ ಪಕ್ಕದ ಅಂಗಡಿಗೆ ಹೋಗ್ತಾನೆ. ಅದಕ್ಕೆ ಒಂದೇ ಸಲಕ್ಕೆ ತುಂಬ ಜನಕ್ಕೆ ಆಗೋಷ್ಟು ಕಾಫಿ ಇಳಿಸೋ ಯಂತ್ರ ಮಾಡಿದ. ದೊಡ್ಡ ಬಾಯ್ಲರ್, ಅದರ ಒತ್ತಡದಿಂದ ನೀರು ಪುಡಿಯ ರಾಶಿ ದಾಟಿ ಬರೋದು.

ಇಲ್ಲಿ ಗಮನಿಸಬೇಕಾದ್ದು, ಒಂದೊಂದು ಕಪ್‌ಗೆ ಬೇರೆ ಬೇರೆ ಬಾಯಿ ಇನ್ನೂ ಇರಲಿಲ್ಲ. ಹಾಗಾಗಿ ತೊಳೆಯೋದು ಅಂದ್ರೆ ದೊಡ್ಡ ಪಾತ್ರೆ ತೊಳೆದ ಹಾಗೇನೇ: ಚರಟ ತೆಗಿ, ಉಜ್ಜು, ಮತ್ತೆ ತುಂಬು. ನಮ್ಮ ಫಿಲ್ಟರ್ ಮೇಲ್ಪಾತ್ರೆ ತೊಳೆಯೋದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸ ಇಲ್ಲ. ಕೊಳೆ ಎಲ್ಲ ಕಣ್ಣಿಗೆ ಕಾಣೋ ಜಾಗದಲ್ಲೇ ಇತ್ತು.

ಮೊರಿಯೊಂಡೊ ತನ್ನ ಯಂತ್ರವನ್ನ ಕಾರ್ಖಾನೆ ಮಟ್ಟದಲ್ಲಿ ಮಾಡಿ ಮಾರಲಿಲ್ಲ. ಕೆಲವೇ ಕೆಲವನ್ನ ಕೈಯಲ್ಲಿ ಮಾಡಿಸಿ ತನ್ನ ವ್ಯಾಪಾರಕ್ಕೇ ಇಟ್ಕೊಂಡ. ಅದಕ್ಕೇ ಬಹಳ ಕಾಲ ಅವನ ಹೆಸರೂ ಮರೆತುಹೋಗಿತ್ತು.

ಭಾಗ 3/9: 1901, ಕಳಚೋ ಹಿಡಿ

ಮಿಲಾನ್‌ನ ಲುಯಿಜಿ ಬೆಜ್ಜೆರಾ 1901ರಲ್ಲಿ ಹೊಸ ಪೇಟೆಂಟ್‌ಗೆ ಅರ್ಜಿ ಹಾಕಿದ. ಎತ್ತರದ ಬಾಯ್ಲರ್, ಅದರ ಪಕ್ಕದಲ್ಲಿ ಚಿಕ್ಕ ಚಿಕ್ಕ ಬಾಯಿಗಳು, ಪ್ರತಿ ಬಾಯಿಗೂ ಕಳಚಿ ಹಾಕೋ ಹಿಡಿ. ಅದರಲ್ಲಿ ಒಂದು ಕಪ್‌ಗೆ ಬೇಕಾದಷ್ಟೇ ಪುಡಿ. ಇವತ್ತು ಮನೆ ಯಂತ್ರದಲ್ಲಿ ನಾವು ತಿರುಗಿಸಿ ಹಾಕೋ ಪೋರ್ಟಾಫಿಲ್ಟರ್‌ನ ಅಜ್ಜ ಅದು. ಈ ಹಕ್ಕನ್ನ ಡೆಸಿಡೆರಿಯೊ ಪಾವೊನಿ ಕೊಂಡುಕೊಂಡ, ಅವನ ಕಂಪನಿ ಲಾ ಪಾವೊನಿ 1905ರಿಂದ "ಇದೆಯಾಲೆ" ಅನ್ನೋ ಯಂತ್ರ ಮಾಡೋಕೆ ಶುರು ಮಾಡ್ತು. 1906ರ ಮಿಲಾನ್ ಮೇಳದಲ್ಲಿ "ಕಫೆ ಎಸ್ಪ್ರೆಸ್ಸೊ" ಅನ್ನೋ ಹೆಸರು ಜನರ ಮುಂದೆ ಬಂತು.

ಎಲ್ಲರೂ ಇದನ್ನ ವೇಗದ ಕಥೆ ಅಂತ ಹೇಳ್ತಾರೆ. ನನಗೆ ಇದು ಶುಚಿಯ ಕಥೆ ಅಂತಲೂ ಕಾಣುತ್ತೆ. ಯಾಕಂದ್ರೆ ಪುಡಿ ಮುಟ್ಟೋ ಭಾಗ ಪ್ರತಿ ಕಪ್ ಆದಮೇಲೂ ಯಂತ್ರದಿಂದ ಹೊರಗೆ ಬರುತ್ತೆ. ಕುಟ್ಟಿ ಚರಟ ಬೀಳಿಸಬೇಕು, ಒರೆಸಬೇಕು, ಇಲ್ಲಾಂದ್ರೆ ಮುಂದಿನ ಕಪ್ಪೇ ಬರಲ್ಲ. ಅಂದರೆ ತೊಳೆಯೋದು ಬೇರೆ ಕೆಲಸ ಆಗಿರಲಿಲ್ಲ, ಕಾಫಿ ಮಾಡೋದರ ಒಳಗೇ ಸೇರಿತ್ತು.

ಇನ್ನೊಂದು ವಿಷಯ. ಆಗಿನ ಒತ್ತಡ ಬರೀ ಹಬೆಯದ್ದು, ಸುಮಾರು 1.5 ಬಾರ್ ಅಷ್ಟೇ. ನೀರು ಪುಡಿಯನ್ನ ದಾಟೋದು, ಆದರೆ ಪುಡಿಯ ಎಣ್ಣೆಯನ್ನ ಹಿಂಡಿ ತರೋಷ್ಟು ಬಲ ಇರಲಿಲ್ಲ. ನೊರೆ ಇಲ್ಲದ, ಕಡುವಾದ, ಸುಟ್ಟ ಹಾಗಿರೋ ಕಾಫಿ. ರುಚಿ ಕಮ್ಮಿ, ಆದರೆ ಜಿಡ್ಡೂ ಕಮ್ಮಿ! ಎರಡನೇ ಫೋಟೊದಲ್ಲಿ ಆ ಕಾಲದ ಮಾದರಿ ಇದೆ. ಗುಡಿಯ ಕಳಸದ ಹಾಗೆ ಹೊಳೀತಿದೆ. ಹೊರಗಡೆ ಉಜ್ಜೋಕೇ ಅರ್ಧ ದಿನ ಬೇಕು ಅನ್ಸುತ್ತೆ.

ಭಾಗ 4/9: ಗಾಜಾ ಮತ್ತು ಜಿಡ್ಡು

ಅಕಿಲ್ಲೆ ಗಾಜಾ ಮಿಲಾನ್‌ನಲ್ಲಿ ಕಾಫಿ ಬಾರ್ ನಡೆಸ್ತಿದ್ದವನು. ಹಬೆಯ ಸುಟ್ಟ ವಾಸನೆ ಇಲ್ಲದ ಕಾಫಿ ಮಾಡಬೇಕು ಅನ್ನೋದು ಅವನ ಹಟ. 1938ರಲ್ಲಿ ಒಂದು ಪೇಟೆಂಟ್. ಆಮೇಲೆ ಯುದ್ಧ. 1947ರಲ್ಲಿ ಸ್ಪ್ರಿಂಗ್ ಲಿವರ್ ಪೇಟೆಂಟ್, 1948ರಲ್ಲಿ ಸ್ವಂತ ಕಂಪನಿ.

ಕೆಲಸ ಮಾಡೋ ರೀತಿ ಹೀಗೆ: ಲಿವರ್ ಕೆಳಗೆ ಎಳೆದರೆ ಒಳಗಿನ ಪಿಸ್ಟನ್ ಮೇಲೆ ಹೋಗಿ ಸ್ಪ್ರಿಂಗ್ ಬಿಗಿಯಾಗುತ್ತೆ. ಪಿಸ್ಟನ್ ಕೆಳಗಿನ ಜಾಗಕ್ಕೆ ಬಿಸಿನೀರು ಬರುತ್ತೆ. ಲಿವರ್ ಬಿಟ್ಟರೆ ಸ್ಪ್ರಿಂಗ್ ಪಿಸ್ಟನ್ನನ್ನ ಕೆಳಗೆ ತಳ್ಳುತ್ತೆ. ಒತ್ತಡ 1.5 ಬಾರ್‌ನಿಂದ ಒಮ್ಮೆಲೇ 8-10 ಬಾರ್‌ಗೆ!

ಈ ಒತ್ತಡಕ್ಕೆ ಪುಡಿಯ ಎಣ್ಣೆ ನೀರಿನ ಜೊತೆ ಬೆರೆತು, ಹುರಿದ ಬೀಜದಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ, ಕಪ್ ಮೇಲೆ ಕಂದು ನೊರೆ ಬಂತು. ಜನ "ಇದೇನಪ್ಪ ಕೊಳೆ ತೇಲ್ತಿದೆ" ಅನ್ನೋ ಹಾಗೆ ನೋಡಿದ್ರು. ಗಾಜಾ ಅದಕ್ಕೆ "ಕ್ರೆಮಾ ಕಫೆ" ಅಂತ ಹೆಸರು ಕೊಟ್ಟು ಅದನ್ನೇ ಹೆಗ್ಗಳಿಕೆ ಮಾಡಿದ. ಮಾರ್ಕೆಟಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಆದರೆ ಎಣ್ಣೆ ಕಪ್‌ಗೆ ಮಾತ್ರ ಹೋಗಲ್ಲ. ಜಾಲರಿಗೆ, ಗ್ಯಾಸ್ಕೆಟ್ ಅಂಚಿಗೆ, ಪಿಸ್ಟನ್ ಸುತ್ತಲಿನ ಸೀಲ್‌ಗೆ ಅಂಟುತ್ತೆ. ಲೋಹ ಇಡೀ ದಿನ ಬಿಸಿ. ಬಾಣಲೆ ತಳದಲ್ಲಿ ಎಣ್ಣೆ ಕಪ್ಪಗೆ ಕೂರುತ್ತಲ್ಲ, ಅದೇ ಥರ ಪದರ ಪದರವಾಗಿ ಕೂರುತ್ತೆ. ಮಾರನೇ ದಿನದ ಕಾಫಿಗೆ ಕಮಟು ವಾಸನೆ.

ಲಿವರ್ ಯಂತ್ರದಲ್ಲಿ ಇದಕ್ಕೆ ಔಷಧ ಒಂದೇ: ಬಿಚ್ಚು. ಜಾಲರಿ ತೆಗೆದು ಉಜ್ಜು, ಆಗಾಗ ಪಿಸ್ಟನ್ ಹೊರಗೆ ತೆಗಿ, ಸವೆದ ಸೀಲ್ ಬದಲಾಯಿಸು, ಗ್ರೀಸ್ ಹಚ್ಚು. ಸ್ಪ್ರಿಂಗ್‌ಗೆ ಎದುರು ಒತ್ತಡ ಇಲ್ಲದಿದ್ದರೆ ಲಿವರ್ ರಪ್ಪನೆ ಮೇಲಕ್ಕೆ ಚಿಮ್ಮುತ್ತೆ, ಮುಖಕ್ಕೆ ಹೊಡೆಯೋಷ್ಟು ಜೋರಾಗಿ. ಕಾಫಿ ಮಾಡೋನೇ ಅರ್ಧ ಮೆಕ್ಯಾನಿಕ್ ಕೂಡ ಆಗಿರಬೇಕಾಗಿತ್ತು.

ಭಾಗ 5/9: ಗ್ರಹಣದ ವರ್ಷ

1961ರ ಫೆಬ್ರುವರಿ 15. ಇಟಲಿಯಲ್ಲಿ ಪೂರ್ಣ ಸೂರ್ಯಗ್ರಹಣ. ಅದೇ ವರ್ಷ ಮಿಲಾನ್‌ನ ಫಾಯೆಮಾ ಕಂಪನಿ ಒಂದು ಯಂತ್ರ ಬಿಟ್ಟು, ಗ್ರಹಣದ ನೆನಪಿಗೆ ಅದಕ್ಕೆ ಇ61 ಅಂತ ಹೆಸರಿಟ್ಟಿತು. ಇದರ ಹಿಂದಿದ್ದವನು ಕಂಪನಿಯ ಸ್ಥಾಪಕ ಎರ್ನೆಸ್ಟೊ ವಾಲೆಂಟೆ.

ಬದಲಾಗಿದ್ದು ಏನು? ಸ್ಪ್ರಿಂಗ್ ಹೋಯ್ತು, ಕರೆಂಟ್ ಪಂಪ್ ಬಂತು. 9 ಬಾರ್ ಒತ್ತಡ ತೋಳಿನ ಬಲದಿಂದಲ್ಲ, ಮೋಟಾರಿನಿಂದ. ಕ್ರೋಮ್ ಹಾಕಿದ ಹಿತ್ತಾಳೆಯ ಗ್ರೂಪ್, ತೂಕ ಸುಮಾರು 4 ಕಿಲೊ. ಬಿಸಿನೀರು ಮೇಲೇರಿ, ತಣ್ಣಗಾದದ್ದು ಕೆಳಗಿಳಿದು, ಯಾವ ಪಂಪೂ ಇಲ್ಲದೆ ಗ್ರೂಪ್ ಒಳಗೆ ಸುತ್ತುತ್ತಾ ಅದನ್ನ ಬಿಸಿಯಾಗೇ ಇಡುತ್ತೆ. ಪಕ್ಕದಲ್ಲಿ ಒಂದು ಸಣ್ಣ ಲಿವರ್. ಅದು ತಿರುಗಿಸೋದು ಒಳಗಿರೋ ಕ್ಯಾಮ್‌ನ. ಮೇಲಿದ್ದರೆ ಕಾಫಿ ಇಳಿಯುತ್ತೆ, ಕೆಳಗೆ ತಂದರೆ ನಿಲ್ಲುತ್ತೆ.

ನಮ್ಮ ಕಥೆಗೆ ಮುಖ್ಯ ಆಗೋದು ಆ "ಕೆಳಗೆ ತಂದರೆ" ಅನ್ನೋ ಕ್ಷಣ. ಕಾಫಿ ಇಳಿದಾದಮೇಲೂ ಪುಡಿ ಮೇಲೆ ಒತ್ತಡದ ನೀರು ಉಳಿದಿರುತ್ತೆ. ಆಗ ಪೋರ್ಟಾಫಿಲ್ಟರ್ ಕಳಚಿದರೆ ಬಿಸಿ ಚರಟ ಮೈಮೇಲೆ ಎರಚುತ್ತೆ. ಅದಕ್ಕೆ ಇ61ರಲ್ಲಿ ಇನ್ನೊಂದು ವಾಲ್ವ್ ತೆರೆದು ಆ ನೀರನ್ನ ಹಿಂದಕ್ಕೆ ಎಳೆದು, ಗ್ರೂಪ್‌ನ ಕೆಳಗಿನ ತೂತಿನಿಂದ ಟ್ರೇಗೆ ಬಿಡುತ್ತೆ. ಪುಸ್ ಅಂತ ಶಬ್ದ ಬರುತ್ತಲ್ಲ, ಅದೇ.

ಜೀವಕ್ಕೆ ಸುರಕ್ಷಿತ, ಕೆಲಸಕ್ಕೆ ವೇಗ, ಎಲ್ಲ ಸರಿ. ಆದರೆ ಆ ನೀರು ಒಂಟಿಯಾಗಿ ಹೋಗಲ್ಲ. ಜೊತೆಗೆ ನುಣ್ಣನೆಯ ಪುಡಿ ಮತ್ತು ಎಣ್ಣೆಯನ್ನೂ ಎಳ್ಕೊಂಡು ಹೋಗುತ್ತೆ: ಜಾಲರಿ ದಾಟಿ, ಒಳದಾರಿ ದಾಟಿ, ವಾಲ್ವ್ ದಾಟಿ. ಬೆಜ್ಜೆರಾನ ಯಂತ್ರದಲ್ಲಿ ಕೈಗೆ ಬರ್ತಿದ್ದ ಕೊಳೆ ಈಗ ಬೆರಳು ಹೋಗದ, ಕಣ್ಣಿಗೆ ಕಾಣದ ಜಾಗದಲ್ಲಿ ಕೂತಿತು.

ಭಾಗ 6/9: ಬಂದ ದಾರಿಯಲ್ಲೇ ವಾಪಸ್

ಹಾಗಾದ್ರೆ ತೊಳೆಯೋದು ಹೇಗೆ? ದಿನಾ ಬಿಚ್ಚೋಕೆ ಆಗಲ್ಲ. ಉತ್ತರ ಎಷ್ಟು ಸರಳ ಅಂದ್ರೆ, ತೂತಿಲ್ಲದ ಒಂದು ಬುಟ್ಟಿ. ಅದಕ್ಕೆ ಬ್ಲೈಂಡ್ ಬಾಸ್ಕೆಟ್ ಅಂತಾರೆ, "ಕುರುಡು" ಬುಟ್ಟಿ. ಅದನ್ನ ಪೋರ್ಟಾಫಿಲ್ಟರ್‌ಗೆ ಹಾಕಿ ಯಂತ್ರ ಶುರು ಮಾಡಿದರೆ ನೀರಿಗೆ ಕೆಳಗೆ ಹೋಗೋಕೆ ದಾರಿ ಇಲ್ಲ. ಒತ್ತಡ ತುಂಬುತ್ತೆ. ನಿಲ್ಲಿಸಿದ ಕೂಡಲೇ ಅಷ್ಟೂ ನೀರು ಹಿಂದಿನ ದಾರಿಯಿಂದ, ಅಂದರೆ ಕೊಳೆ ಕೂತ ಅದೇ ದಾರಿಯಿಂದ, ರಭಸವಾಗಿ ಹೊರಗೆ. ಇದೇ ಬ್ಯಾಕ್‌ಫ್ಲಶ್. ಕೊಳೆ ತಂದ ವಾಲ್ವೇ ಕೊಳೆ ತೆಗೆಯೋ ದಾರಿಯೂ ಆಯ್ತು.

ಬರೀ ನೀರು ಪುಡಿಯನ್ನ ತೊಳೆಯುತ್ತೆ, ಎಣ್ಣೆಯನ್ನಲ್ಲ. ಅದಕ್ಕೆ ಕ್ಷಾರದ ಪುಡಿ ಬೇಕು. ಇವತ್ತಿನ ಎಸ್ಪ್ರೆಸ್ಸೊ ಕ್ಲೀನಿಂಗ್ ಪುಡಿಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಕಾರ್ಬೊನೇಟ್ (ನಮ್ಮ ವಾಷಿಂಗ್ ಸೋಡಾ) ಮತ್ತು ಸೋಡಿಯಂ ಪರ್‌ಕಾರ್ಬೊನೇಟ್ ಇರುತ್ತೆ. ಮೊದಲನೆಯದು ಜಿಡ್ಡನ್ನ ಸಡಿಲ ಮಾಡುತ್ತೆ. ಎರಡನೆಯದು ಬಿಸಿನೀರಲ್ಲಿ ಆಮ್ಲಜನಕ ಬಿಟ್ಟು ಕಲೆ ಒಡೆಯುತ್ತೆ. ಮೊದಲ ಸಲ ಹೊರಬರೋ ನೀರು ಕಡು ಡಿಕಾಕ್ಷನ್ ಬಣ್ಣ. ಮೂರನೇ ಫೋಟೊ ನೋಡಿ, ಅದು ಕಾಫಿ ಅಲ್ಲ!

ಇಲ್ಲೂ ಒಂದು ತೊಡಕು. ಇ61ರ ಕ್ಯಾಮ್ ಲೋಹಕ್ಕೆ ಲೋಹ ಉಜ್ಜೋ ಭಾಗ, ಅದಕ್ಕೆ ಗ್ರೀಸ್ ಬೇಕು. ಜಿಡ್ಡು ತೆಗೆಯೋ ಪುಡಿಗೆ ಕಾಫಿಯ ಜಿಡ್ಡು ಯಾವುದು, ಗ್ರೀಸ್ ಯಾವುದು ಅಂತ ಗೊತ್ತಾಗಲ್ಲ. ಎರಡನ್ನೂ ತೊಳೆಯುತ್ತೆ. ಆಮೇಲೆ ಲಿವರ್ ಕಿರ್ ಅನ್ನುತ್ತೆ. ಅತಿಯಾಗಿ ತೊಳೆದರೂ ಸವೆತ, ತೊಳೆಯದಿದ್ದರೂ ಸವೆತ. ನಿರ್ವಹಣೆ ಅಂದ್ರೆ ಈ ಎರಡರ ನಡುವಿನ ಅಳತೆ ಹಿಡಿಯೋದೇ.

ಭಾಗ 7/9: ಮನೆಗೆ ಬಂದ ಯಂತ್ರ

ಬಾರ್‌ನಲ್ಲಿ ತೊಳೆಯೋಕೆ ಸಂಬಳದವರು ಇದ್ರು. ಮನೆಯಲ್ಲಿ ಯಾರು?

ಗಾಜಾ 1950ರ ದಶಕದಲ್ಲೇ "ಜಿಲ್ಡಾ" ಅನ್ನೋ ಮನೆ ಲಿವರ್ ಯಂತ್ರ ತಂದಿತ್ತು. 60ರ ದಶಕದಲ್ಲಿ ಲಾ ಪಾವೊನಿಯ ಯುರೊಪಿಕ್ಕೊಲಾ ಜನಪ್ರಿಯ ಆಯ್ತು. 1973ರ ಜೇಮ್ಸ್ ಬಾಂಡ್ ಸಿನಿಮಾ "ಲಿವ್ ಆಂಡ್ ಲೆಟ್ ಡೈ"ನಲ್ಲಿ ರೋಜರ್ ಮೂರ್ ಮನೆಯಲ್ಲಿ ಕಾಫಿ ಮಾಡೋದು ಈ ಲಾ ಪಾವೊನಿಯಲ್ಲೇ. ಆಮೇಲೆ ಜಾಲರಿ ಬಿಚ್ಚಿ ಉಜ್ಜಿದ್ದನ್ನ ಮಾತ್ರ ತೋರಿಸಲ್ಲ.

ಮುಂದೆ ಸಣ್ಣ ಪಂಪ್ ಯಂತ್ರಗಳು ಬಂದವು. ಅದರಲ್ಲಿ ಎರಡು ಜಾತಿ. 1991ರ ಗಾಜಾ ಕ್ಲಾಸಿಕ್‌ನಂಥದ್ದರಲ್ಲಿ ಒತ್ತಡ ಹಿಂದಕ್ಕೆ ಬಿಡೋ ಮೂರು ದಾರಿಯ ವಾಲ್ವ್ ಇದೆ, ಹಾಗಾಗಿ ಬ್ಯಾಕ್‌ಫ್ಲಶ್ ಮಾಡಬಹುದು. ಕಡಿಮೆ ಬೆಲೆಯ ಅನೇಕ ಯಂತ್ರಗಳಲ್ಲಿ ಆ ವಾಲ್ವ್ ಇಲ್ಲ. ಅವುಗಳಿಗೆ ಕುರುಡು ಬುಟ್ಟಿ ಹಾಕೋದು ಉಪಯೋಗ ಇಲ್ಲ, ತಪ್ಪು ಕೂಡ. ಜಾಲರಿ ಬಿಚ್ಚಿಯೇ ತೊಳೀಬೇಕು.

ಇನ್ನೊಂದು ದಾರಿ 1985ರಲ್ಲಿ ತೆರೀತು. ಸಾಯೆಕೊ ಕಂಪನಿಯ "ಸೂಪರ್‌ಆಟೊಮಾಟಿಕಾ". ಬೀಜ ಹಾಕಿ, ಬಟನ್ ಒತ್ತಿ, ಕಾಫಿ ತಗೊಳ್ಳಿ. ಪುಡಿ ಮಾಡೋದು, ಒತ್ತೋದು, ಇಳಿಸೋದು, ಚರಟ ಎಸೆಯೋದು ಎಲ್ಲ ಒಳಗೇ. ಇಂಥ ಯಂತ್ರಗಳಲ್ಲೂ ಎರಡು ಪಂಗಡ ಆಯ್ತು. ಕೆಲವರು ಗ್ರೂಪನ್ನ ಟಿಫಿನ್ ಬಾಕ್ಸ್ ಥರ ಹೊರಗೆ ಎಳೆದು ನಲ್ಲಿ ಕೆಳಗೆ ತೊಳೆಯೋ ಹಾಗೆ ಮಾಡಿದ್ರು. ಇನ್ನು ಕೆಲವರು ಒಳಗೇ ಮುಚ್ಚಿಟ್ಟು, ಮಾತ್ರೆ ಹಾಕಿದರೆ ಯಂತ್ರವೇ ತೊಳ್ಕೊಳ್ಳುತ್ತೆ ಅಂದ್ರು.

ಎರಡಕ್ಕೂ ಕಾರಣ ಇದೆ. ಆದರೆ ಪ್ರಶ್ನೆ ಬೇರೆ. ಒಳಗೆ ಏನಾಗ್ತಿದೆ ಅಂತ ನೋಡೋ ಹಕ್ಕು, ಅದನ್ನ ಸರಿಮಾಡೋ ಜವಾಬ್ದಾರಿ, ಇವೆರಡೂ ಯಾರ ಹತ್ರ ಇರಬೇಕು? ಕೊಂಡವರ ಹತ್ರವಾ, ಮಾರಿದವರ ಹತ್ರವಾ? ಗ್ರೂಪ್‌ಗೆ ಬಾಗಿಲು ಇಡಬೇಕಾ ಬೇಡ್ವಾ ಅಂತ ಡಿಸೈನ್ ಮಾಡೋ ದಿನವೇ ಅದು ತೀರ್ಮಾನ ಆಗಿಬಿಡುತ್ತೆ.

ಭಾಗ 8/9: ಸೇವ್ ಮಾಡ್ಕೊಳ್ಳಿ

ಚರಿತ್ರೆ ಸಾಕು, ಕೆಲಸಕ್ಕೆ ಬರೋದು. ಮನೆಯಲ್ಲಿ ಇ61 ಮಾದರಿ ಅಥವಾ ಮೂರು ದಾರಿಯ ವಾಲ್ವ್ ಇರೋ ಯಂತ್ರ ಇದ್ದರೆ:

ಪ್ರತಿ ಕಾಫಿ ಆದಮೇಲೆ: ಚರಟ ಬೀಳಿಸಿ, ಎರಡು ಸೆಕೆಂಡ್ ಬಿಸಿನೀರು ಬಿಟ್ಟು ಜಾಲರಿ ಒರೆಸಿ.

ದಿನದ ಕೊನೆಗೆ: ಗ್ಯಾಸ್ಕೆಟ್ ಸುತ್ತ ಬ್ರಷ್ ಆಡಿಸಿ. ಕೈ ಜೋಪಾನ, ಹಿತ್ತಾಳೆ ಬೆಂಕಿಯಂಗೆ ಕಾದಿರುತ್ತೆ. ಬುಟ್ಟಿಯನ್ನ ಹಿಡಿಯಿಂದ ತೆಗೆದು ಅದರ ಹಿಂಭಾಗವನ್ನೂ ತೊಳೀರಿ. ಎಲ್ಲರೂ ಮರೆಯೋದು ಅದನ್ನೇ.

ವಾರಕ್ಕೆ ಒಂದೆರಡು ಸಲ: ಬರೀ ನೀರಿನ ಬ್ಯಾಕ್‌ಫ್ಲಶ್.

ತಿಂಗಳಿಗೊಮ್ಮೆ, ತುಂಬ ಬಳಸಿದರೆ ಇನ್ನೂ ಬೇಗ: ಕುರುಡು ಬುಟ್ಟಿಗೆ ಅರ್ಧ ಟೀ ಚಮಚ ಪುಡಿ. 10 ಸೆಕೆಂಡ್ ಶುರು, 10 ಸೆಕೆಂಡ್ ನಿಲ್ಲಿಸಿ. ಹೀಗೆ ಐದು ಸಲ. ಆಮೇಲೆ ಬುಟ್ಟಿ ತೊಳೆದು, ಪುಡಿ ಇಲ್ಲದೆ ನೀರು ತಿಳಿಯಾಗೋವರೆಗೆ ಅದನ್ನೇ ಮಾಡಿ. ಆಮೇಲಿನ ಮೊದಲ ಕಾಫಿ ಚೆಲ್ಲಿ.

ಜಾಲರಿಯನ್ನ ಬಿಚ್ಚಿ ಅದೇ ಪುಡಿಯ ಬಿಸಿನೀರಲ್ಲಿ ನೆನೆಸಿ. ಲಿವರ್ ಬಿಗಿ ಆದ್ರೆ ಅಥವಾ ಶಬ್ದ ಮಾಡಿದ್ರೆ ಕ್ಯಾಮ್‌ಗೆ ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್, ಅಡುಗೆ ಎಣ್ಣೆ ಖಂಡಿತ ಬೇಡ. ಹಿಡಿಯ ಪಕ್ಕದಿಂದ ನೀರು ಜಿನುಗಿದರೆ ಅಥವಾ ಹಿಡಿ ಮೊದಲಿಗಿಂತ ಜಾಸ್ತಿ ತಿರುಗಿದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ ಅಂತ ಅರ್ಥ. ಜೋರಾಗಿ ತಿರುಗಿಸಬೇಡಿ, ಬದಲಾಯಿಸಿ.

ಒಂದು ಗೊಂದಲ ಬಗೆಹರಿಸ್ಕೊಳ್ಳಿ: ಜಿಡ್ಡು ಬೇರೆ, ಸುಣ್ಣ ಬೇರೆ. ಬೋರ್‌ವೆಲ್ಲಿನ ಗಡಸು ನೀರು ಬಾಯ್ಲರ್ ಒಳಗೆ ಬಿಳಿ ಪದರ ಕಟ್ಟುತ್ತೆ. ಅದನ್ನ ಕರಗಿಸೋಕೆ ಆಮ್ಲ ಬೇಕು. ಕ್ಷಾರದ ಪುಡಿ ಸುಣ್ಣಕ್ಕೆ ಕೆಲಸ ಮಾಡಲ್ಲ, ಆಮ್ಲ ಜಿಡ್ಡಿಗೆ ಕೆಲಸ ಮಾಡಲ್ಲ. ಸುಣ್ಣ ತೆಗೆಯೋದಕ್ಕಿಂತ ಮೊದಲೇ ಮೆದು ನೀರು ಹಾಕೋದು ಜಾಣತನ. ಎಲ್ಲಕ್ಕೂ ಮೊದಲು ನಿಮ್ಮ ಯಂತ್ರದ ಮ್ಯಾನುಯಲ್ ಓದಿ.

ಭಾಗ 9/9: ಲೆಕ್ಕದ ಪುಸ್ತಕದಲ್ಲಿ ಇಲ್ಲದ್ದು

ನಾನು ಬಿಕಾಂ, ಹಾಗಾಗಿ ಕೊನೆಗೆ ಸ್ವಲ್ಪ ಲೆಕ್ಕ. ಯಂತ್ರ ಕೊಂಡರೆ ಅದು ಆಸ್ತಿ. ಪ್ರತಿ ವರ್ಷ ಸವಕಳಿ ಅಂತ ಒಂದಷ್ಟು ಕಡಿತ. ತೊಳೆದ ಯಂತ್ರಕ್ಕೂ ತೊಳೆಯದ ಯಂತ್ರಕ್ಕೂ ಪುಸ್ತಕದಲ್ಲಿ ಒಂದೇ ದರ. ಗ್ಯಾಸ್ಕೆಟ್, ಪುಡಿ, ಗ್ರೀಸ್ ಎಲ್ಲ ರಿಪೇರಿ ಮತ್ತು ನಿರ್ವಹಣೆ ಅನ್ನೋ ಖರ್ಚಿನ ಸಾಲಿಗೆ. ಖರ್ಚು ಅಂದ ಕೂಡಲೇ ಎಲ್ಲರಿಗೂ ಮೊದಲು ಕತ್ತರಿ ಹಾಕೋಣ ಅನ್ಸುತ್ತೆ.

ಇ61 ಈ ಲೆಕ್ಕವನ್ನ ಸುಳ್ಳು ಮಾಡುತ್ತೆ. 1961ರ ಆ ಗ್ರೂಪ್ ವಿನ್ಯಾಸವನ್ನ ಇವತ್ತಿಗೂ ಹಲವು ಇಟಾಲಿಯನ್ ಕಂಪನಿಗಳು ಮನೆ ಯಂತ್ರಗಳಿಗೆ ಹಾಕ್ತಿವೆ. 60 ವರ್ಷ ದಾಟಿದ ಮೇಲೂ ಅದರ ಗ್ಯಾಸ್ಕೆಟ್, ವಾಲ್ವ್, ಸ್ಪ್ರಿಂಗ್ ಸಿಗುತ್ತವೆ. ಒಂದು ಸ್ಪ್ಯಾನರ್ ಇದ್ದರೆ ಬಿಚ್ಚಬಹುದು. ಅದು ಉಳಿದದ್ದು ಕೆಡದ ಯಂತ್ರ ಅಂತಲ್ಲ. ಕೆಟ್ಟರೆ ಸರಿಮಾಡಬಹುದಾದ ಯಂತ್ರ ಅಂತ.

ಇದು ಇಟಲಿಯ ಕಥೆ, ನಮಗೇನು ಅಂತೀರಾ? ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯೋದು ಕರ್ನಾಟಕ. ಭಾರತದ ಕಾಫಿಯನ್ನ ಅತಿ ಹೆಚ್ಚು ಕೊಳ್ಳೋ ದೇಶ ಇಟಲಿ. ನೊರೆ ದಟ್ಟವಾಗಿ ಬರಲಿ ಅಂತ ಅಲ್ಲಿನ ಎಷ್ಟೋ ಬ್ಲೆಂಡ್‌ಗಳಿಗೆ ನಮ್ಮ ರೊಬಸ್ಟಾ ಸೇರುತ್ತೆ. ಮಿಲಾನ್‌ನ ಯಾವುದೋ ಬಾರ್‌ನಲ್ಲಿ ರಾತ್ರಿ ಜಾಲರಿಯಿಂದ ಉಜ್ಜಿ ತೆಗೆಯೋ ಜಿಡ್ಡಿನಲ್ಲಿ ಕೊಡಗಿನ, ಚಿಕ್ಕಮಗಳೂರಿನ ತೋಟದ ಪಾಲೂ ಇರಬಹುದು. ಆ ಬೀಜವನ್ನ ಕುಯ್ದವರ ಹೆಸರೂ ಯಾವ ಕಪ್ ಮೇಲೂ ಇಲ್ಲ, ಆ ಜಾಲರಿ ಉಜ್ಜೋರ ಹೆಸರೂ ಇಲ್ಲ.

ಮೊರಿಯೊಂಡೊ, ಬೆಜ್ಜೆರಾ, ಗಾಜಾ, ವಾಲೆಂಟೆ, ಈ ಹೆಸರುಗಳು ಉಳಿದವು, ಉಳೀಲಿ. ಅವರು ಮಾಡಿದ್ದು ಸಣ್ಣದಲ್ಲ. ಆದರೆ ಅವರ ಯಂತ್ರ ಎರಡನೇ ದಿನವೂ ಒಳ್ಳೆ ಕಾಫಿ ಕೊಟ್ಟಿದ್ದು ಮೊದಲನೇ ದಿನ ರಾತ್ರಿ ಯಾರೋ ಅದರ ಬಾಯಿ ತೊಳೆದಿದ್ದರಿಂದ. ಕಫೆಗೆ ಹೋದಾಗ ಅಂಗಡಿ ಮುಚ್ಚೋ ಹೊತ್ತಿಗೆ ಆ ಪುಸ್ ಶಬ್ದ ಐದು ಸಲ ಕೇಳಿಸಿದರೆ, ಅಲ್ಲಿ ಈ ಚರಿತ್ರೆಯ ಇವತ್ತಿನ ಸಾಲು ಬರೀತಿದ್ದಾರೆ ಅಂತ ತಿಳ್ಕೊಳ್ಳಿ.

ನಿಮ್ಮ ಮನೆಯ ಫಿಲ್ಟರ್ ತೂತು ಕಟ್ಟಿದಾಗ ಒಲೆ ಮೇಲೆ ಕಾಯಿಸ್ತೀರಾ, ಸೂಜಿ ಹಾಕ್ತೀರಾ? ಹೇಳಿ, ಮುಂದಿನ ಸರಣಿ ಅದರ ಮೇಲೇ ಮಾಡೋಣ.

#ಕಾಫಿಚರಿತ್ರೆ #ಎಸ್ಪ್ರೆಸ್ಸೊ #ಬ್ರೂಗ್ರೂಪ್ #ಇ61 #ಕನ್ನಡದಲ್ಲಿಕಾಫಿ #ರಿಪೇರಿಮಾಡಿಉಳಿಸಿ